ತೋಟ ಮಾರಿ ಲಾ ಓದಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಾ ಸೀಟಿನ ಬಗ್ಗೆಯೇ ಇವೆ. ಪಿಯುಸಿ ರಿಸಲ್ಟ್ ಬಂದಿದೆ, ಕಾಲೇಜಿನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ, ಮನೆಯಲ್ಲಿ ದಿನಾ ಒಂದು ಲೆಕ್ಕಾಚಾರ. ಒಂದು ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಯಾಕೆಂದರೆ ಉಳಿದ ಬಹಳ ಜನ ಕೇಳಿರುವುದೂ ಸುತ್ತಿ ಬಳಸಿ ಅದನ್ನೇ. ಬೇರೆ ಮೂರಕ್ಕೆ ಚಿಕ್ಕದಾಗಿ.

ಪ್ರಶ್ನೆ: ಮೇಡಂ, ನಾನು ಈ ವರ್ಷ ದ್ವಿತೀಯ ಪಿಯುಸಿ ಕಾಮರ್ಸ್ ಮುಗಿಸಿದೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಬರೆದಿದ್ದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಬೇರೆ ರಾಜ್ಯದಲ್ಲಿ ಶುರುವಾಗಿ ಹೆಚ್ಚು ವರ್ಷ ಆಗಿರದ ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುತ್ತಿದೆ. ಫೀಸು, ಹಾಸ್ಟೆಲ್, ಮೆಸ್ ಎಲ್ಲ ಸೇರಿ ವರ್ಷಕ್ಕೆ 3.25 ಲಕ್ಷ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದವರು ವರ್ಷಕ್ಕೆ 2.75 ಲಕ್ಷ ಫೀಸು, ಮೊದಲ ವರ್ಷ ಅರ್ಧ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿದ್ದಾರೆ. ಉಳಿಯುವ ವ್ಯವಸ್ಥೆ ನಮ್ಮದೇ. ಮೂರನೆಯದು ದಾವಣಗೆರೆಯಲ್ಲಿ, ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಫೀಸು ಇವೆರಡರ ಮುಂದೆ ಏನೂ ಅಲ್ಲ, ಮನೆಯಿಂದ ಬಸ್ಸಿನಲ್ಲೇ ಓಡಾಡಬಹುದು. ನಮ್ಮದು ಮೂರು ಎಕರೆ ಅಡಿಕೆ ತೋಟ. ಖರ್ಚು ಕಳೆದು ವರ್ಷಕ್ಕೆ ಆರು ಲಕ್ಷದ ಆಸುಪಾಸು ಉಳಿಯುತ್ತದೆ. ತಮ್ಮ ಒಂಬತ್ತನೇ ಕ್ಲಾಸು. ಅಪ್ಪ "ಒಂದು ಎಕರೆ ಕೊಟ್ಟರಾಯ್ತು, ನೀನು ಓದು" ಅನ್ನುತ್ತಾರೆ. ಅಮ್ಮ ಏನೂ ಹೇಳುತ್ತಿಲ್ಲ. ನನಗೆ ದೊಡ್ಡ ಕಾರ್ಪೊರೇಟ್ ಲಾ ಫರ್ಮಿನಲ್ಲಿ ನಾಲ್ಕೈದು ವರ್ಷ ದುಡಿದು, ಆಮೇಲೆ ಸಿವಿಲ್ ಜಡ್ಜ್ ಆಗಬೇಕು ಅಂತ ಆಸೆ. ಊರ ಕಾಲೇಜಿಗೆ ಸೇರಿದರೆ ಆ ಆಸೆ ಬಿಟ್ಟ ಹಾಗೇನಾ?
— ಹೆಸರು ಬೇಡ, ಚನ್ನಗಿರಿ ತಾಲ್ಲೂಕು

ಉತ್ತರ: ತಂಗೀ, ಮೊದಲು ತೋಟದ ಮಾತು ಮುಗಿಸಿಬಿಡೋಣ. ಮಾರಬೇಡಿ. ಅಪ್ಪನ ಮನಸ್ಸು ದೊಡ್ಡದು, ಅದಕ್ಕೆ ನಮಸ್ಕಾರ. ಆದರೆ ಫಲ ಕೊಡುವ ತೋಟದ ಮೂರನೇ ಒಂದು ಪಾಲು ಹೋದರೆ ನಿಮ್ಮ ಮನೆಯ ವರಮಾನದ ಮೂರನೇ ಒಂದು ಪಾಲೂ ಹೋಯಿತು, ಅದೂ ತಮ್ಮ ಕಾಲೇಜು ಸೇರುವ ಹೊತ್ತಿಗೆ. ಇನ್ನೊಂದು, ಆ ಜಮೀನು ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ನಿಮಗೂ ತಮ್ಮನಿಗೂ ಹುಟ್ಟಿನಿಂದಲೇ ಹಕ್ಕಿದೆ. ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಲ್ಲಿ ಬಂದ ಹಕ್ಕನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಇನ್ನಷ್ಟು ಗಟ್ಟಿ ಮಾಡಿದೆ. ತಮ್ಮ ಇನ್ನೂ ಮೈನರ್. ಹೀಗಿರುವಾಗ ಅಪ್ಪ ಒಬ್ಬರೇ ಕ್ರಯಪತ್ರಕ್ಕೆ ಸಹಿ ಹಾಕಿದರೆ ಕೊಳ್ಳುವವನೇ ಹಿಂದೆ ಮುಂದೆ ನೋಡುತ್ತಾನೆ, ಇಲ್ಲವಾದರೆ ಅದೇ ನೆಪ ಹೇಳಿ ಬೆಲೆ ಇಳಿಸುತ್ತಾನೆ. ನೀವು ವಕೀಲರಾಗಿ ನಡೆಸುವ ಮೊದಲ ಕೇಸು ನಿಮ್ಮ ಮನೆಯದ್ದೇ ಆಗುವುದು ಬೇಡ. ದುಡ್ಡು ಬೇಕೇ ಬೇಕಾದರೆ ಸಾಲ ಇದೆ. ಅದರ ಲೆಕ್ಕಕ್ಕೆ ಬರೋಣ.

ವರ್ಷಕ್ಕೆ 3.25 ಲಕ್ಷ ಅಂದಿರಿ. ಅದು ಮೊದಲ ವರ್ಷದ ರೇಟು. ಫೀಸು ಏರುತ್ತದೆ. ಲ್ಯಾಪ್‌ಟಾಪ್, ರೈಲು, ಎಲ್ಲಕ್ಕಿಂತ ಹೆಚ್ಚಾಗಿ ಇಂಟರ್ನ್‌ಶಿಪ್ ಇದೆ. ಕಾರ್ಪೊರೇಟ್ ಫರ್ಮು ಬೇಕು ಅಂದರೆ ರಜೆಯಲ್ಲಿ ಮುಂಬೈ, ದೆಹಲಿ, ಬೆಂಗಳೂರು ಅಂತ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡಬೇಕು. ಅವರು ಕೊಡುವ ದುಡ್ಡು ಪಿಜಿ ಬಾಡಿಗೆಗೂ ಸಾಲದಿರಬಹುದು, ಕೊಡದೆಯೂ ಇರಬಹುದು. ಹಾಗಾಗಿ ವರ್ಷಕ್ಕೆ 4 ಲಕ್ಷ ಅಂತ ಇಟ್ಟುಕೊಳ್ಳಿ, ಐದು ವರ್ಷಕ್ಕೆ 20 ಲಕ್ಷ. ಎಲ್ಲವನ್ನೂ ಶೇ 9 ಬಡ್ಡಿಗೆ ಸಾಲ ಮಾಡಿದಿರಿ, ಓದುವಾಗ ಏನೂ ಕಟ್ಟಲಿಲ್ಲ, ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಬಿಡುವು ತೆಗೆದುಕೊಂಡಿರಿ ಅಂದುಕೊಳ್ಳೋಣ. ಆ ಹೊತ್ತಿಗೆ ಸರಳ ಬಡ್ಡಿಯೇ 7.2 ಲಕ್ಷ ಆಗಿರುತ್ತದೆ. ಒಟ್ಟು 27.2 ಲಕ್ಷ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 34,500 ರೂಪಾಯಿ. ಓದುವಾಗಲೂ ಬಿಡುವಿನ ವರ್ಷದಲ್ಲೂ ಅಪ್ಪ ಆಯಾ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ಕಂತು 25,300ರ ಹತ್ತಿರ ನಿಲ್ಲುತ್ತದೆ. ಆದರೆ ಆ ಬಡ್ಡಿಯೂ ಚಿಕ್ಕದಲ್ಲ, ಮೊದಲ ವರ್ಷ ತಿಂಗಳಿಗೆ 3,000 ಇದ್ದದ್ದು ಐದನೇ ವರ್ಷಕ್ಕೆ 15,000 ಆಗುತ್ತದೆ.

ಈ 34,500 ಅನ್ನುವ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಈಗ ನಿಮ್ಮ ಆಸೆಗೆ ಬರೋಣ.

ನೀವು ಫೀಸಿಗೂ ಗುರಿಗೂ ಜಗಳ ಅಂತ ಬರೆದಿದ್ದೀರಿ. ನಾನು ಪತ್ರವನ್ನು ಎರಡನೇ ಸಲ ಓದಿದಾಗ ಕಂಡದ್ದು ನಿಮ್ಮ ಎರಡು ಗುರಿಗಳ ನಡುವಿನ ಜಗಳ. ಕಾರ್ಪೊರೇಟ್ ಫರ್ಮು ಒಂದು ದಾರಿ, ಸಿವಿಲ್ ಜಡ್ಜ್ ಇನ್ನೊಂದು ದಾರಿ. ಮೊದಲೆಲ್ಲ ಒಂದರಿಂದ ಇನ್ನೊಂದಕ್ಕೆ ಹಾರಬಹುದಿತ್ತು, ಕೆಲಸ ಬಿಟ್ಟು ಮನೆಯಲ್ಲಿ ಕೂತು ಓದಿ ಪರೀಕ್ಷೆ ಬರೆಯುವವರು ಇದ್ದರು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಹುದ್ದೆಗೆ ಅರ್ಜಿ ಹಾಕುವವರಿಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಅಂತ ಹೇಳಿತು. ಲೆಕ್ಕ ಶುರುವಾಗುವುದು ವಕೀಲರನ್ನು ನೋಂದಾಯಿಸುವ ಬಾರ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕವಾಗಿ ನೋಂದಣಿಯಾದ ದಿನದಿಂದ. ಜಡ್ಜ್‌ಗಳ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಸೇರುತ್ತದೆ. ಆದರೆ ಸುಮ್ನೆ ಸನದು, ಅಂದರೆ ವಕೀಲಿಕೆಯ ಪರವಾನಗಿ, ಇದ್ದರೆ ಸಾಲದು. ನೀವು ಕೆಲಸ ಮಾಡಿದ ನ್ಯಾಯಾಲಯದ ಪ್ರಧಾನ ನ್ಯಾಯಾಧಿಕಾರಿ ಸರ್ಟಿಫಿಕೇಟ್ ಕೊಡಬೇಕು. ಅಥವಾ ಹತ್ತು ವರ್ಷ ಅನುಭವ ಇರುವ ವಕೀಲರು ಕೊಟ್ಟದ್ದಕ್ಕೆ ಆ ಅಧಿಕಾರಿ ಒಪ್ಪಿಗೆ ಹಾಕಬೇಕು. ಎಸಿ ರೂಮಿನಲ್ಲಿ ಕೂತು ಕಂಪನಿಗಳ ಷೇರು ಖರೀದಿ ಒಪ್ಪಂದ ತಿದ್ದುತ್ತಿದ್ದವರಿಗೆ ಯಾವ ಕೋರ್ಟಿನ ಜಡ್ಜ್ ಅಂಥ ಸರ್ಟಿಫಿಕೇಟ್ ಕೊಡುತ್ತಾರೆ ಹೇಳಿ? ಯಾವುದಾದರೂ ಕಂಪನಿಯ ಲೀಗಲ್ ವಿಭಾಗಕ್ಕೆ ಪೂರ್ಣಾವಧಿ ಸಂಬಳಕ್ಕೆ ಸೇರಿದರಂತೂ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲಿಕೆ ಮಾಡುವಂತೆಯೇ ಇಲ್ಲ, ಸನದನ್ನು ಅಮಾನತಿನಲ್ಲಿ ಇಡಬೇಕು. ನೀವು ಅರ್ಜಿ ಹಾಕುವ ವರ್ಷ ಹೈಕೋರ್ಟಿನ ಅಧಿಸೂಚನೆಯಲ್ಲಿ ಏನಿದೆ ನೋಡಿಕೊಳ್ಳಿ, ಆದರೆ ಇವತ್ತು ಪ್ಲಾನ್ ಮಾಡುವಾಗ ಮೂರು ವರ್ಷ ಕೋರ್ಟು ಅಂತಲೇ ಮಾಡಿ.

ಅಂದರೆ ನಾಲ್ಕೈದು ವರ್ಷ ಫರ್ಮು, ಆಮೇಲೆ ಮೂರು ವರ್ಷ ಕೋರ್ಟು. ಆ ಮೂರು ವರ್ಷ ಹೇಗಿರುತ್ತದೆ ಅಂತ ಗೊತ್ತಾ? ಒಂದು ಸೋಮವಾರ ಹತ್ತೂವರೆಗೆ ದಾವಣಗೆರೆ ಕೋರ್ಟಿಗೆ ಹೋಗಿ ನಿಂತು ನೋಡಿ. ಕಂಕುಳಲ್ಲಿ ನಾಲ್ಕು ಕೇಸ್ ಕಟ್ಟು ಇಟ್ಟುಕೊಂಡು ಒಂದು ಹಾಲಿನಿಂದ ಇನ್ನೊಂದು ಹಾಲಿಗೆ ಓಡುವ ಹುಡುಗ ಹುಡುಗಿಯರೇ ಜೂನಿಯರ್‌ಗಳು. ಒಂದು ಕಡೆ "ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮಿ" ಅಂತ ಪಾಸ್ ಓವರ್ (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ) ಕೇಳಬೇಕು, ಇನ್ನೊಂದು ಕಡೆ ಆಕ್ಷೇಪಣೆ ಸಲ್ಲಿಸಲು ಸಮಯ ಕೇಳಬೇಕು. ಮಧ್ಯೆ ನಕಲು ಅರ್ಜಿ ಹಾಕಬೇಕು, ಬೆಂಚ್ ಕ್ಲರ್ಕ್ ಹತ್ತಿರ ಮುಂದಿನ ದಿನಾಂಕ ಕೇಳಿ ಡೈರಿಯಲ್ಲಿ ಬರೆದುಕೊಳ್ಳಬೇಕು, ಅಷ್ಟರಲ್ಲಿ ಪಹಣಿ ಹಿಡಿದುಕೊಂಡು ಹಳ್ಳಿಯಿಂದ ಬಂದ ಕಕ್ಷಿದಾರ "ಮೇಡಂ, ನಮ್ದು ಏನಾಯ್ತು" ಅಂತ ಸೆರಗು ಹಿಡಿದ ಮಗುವಿನ ಹಾಗೆ ಹಿಂದೆಯೇ ಬರುತ್ತಿರುತ್ತಾನೆ. ಸಂಜೆ ಸೀನಿಯರ್ ಆಫೀಸಿನಲ್ಲಿ ವಾದಪತ್ರದ ಡ್ರಾಫ್ಟು. ವಿದ್ಯೆ ಕಲಿಯುವ ಜಾಗ ಇದೇ, ಎರಡು ಮಾತಿಲ್ಲ. ಸಂಬಳ? 2024ರ ಅಕ್ಟೋಬರಿನಲ್ಲಿ ಭಾರತೀಯ ಬಾರ್ ಕೌನ್ಸಿಲ್ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಅದು ಸಲಹೆ ಮಾತ್ರ, ಕೊಡಲೇಬೇಕು ಅಂತೇನಿಲ್ಲ. ಅಷ್ಟು ಕೊಡದ ಆಫೀಸುಗಳು ಬೇಕಾದಷ್ಟಿವೆ.

ಚೀಟಿ ತೆಗೆಯಿರಿ. 15,000 ಬರುವಾಗ 34,500 ಕಂತು ಯಾರು ಕಟ್ಟುತ್ತಾರೆ? ಕಟ್ಟಲು ಆಗುವುದಿಲ್ಲ. ಹಾಗಾಗಿ ಫರ್ಮ್ ಬಿಡಲು ಆಗುವುದಿಲ್ಲ. ಹಾಗಾಗಿ ಜಡ್ಜ್ ಆಗುವುದನ್ನು ಮುಂದಿನ ವರ್ಷ, ಮುಂದಿನ ವರ್ಷ ಅಂತ ತಳ್ಳುತ್ತಾ ಇರುತ್ತೀರಿ. ದೊಡ್ಡ ಸಾಲ ಮಾಡಿದ ಕ್ಷಣವೇ ನಿಮ್ಮ ಎರಡು ಆಸೆಗಳಲ್ಲಿ ಒಂದನ್ನು ಬ್ಯಾಂಕು ತೆಗೆದುಹಾಕಿಬಿಟ್ಟಿರುತ್ತದೆ, ನಿಮ್ಮನ್ನು ಕೇಳದೆ.

ಸರಿ, ಜಡ್ಜ್ ಬೇಡ, ಫರ್ಮೇ ಸಾಕು ಅಂದಿರಿ ಅಂತಿಟ್ಟುಕೊಳ್ಳಿ. ಆಗ ದುಬಾರಿ ಕಾಲೇಜು ಸರಿಯಾ? ಯಾವ ದುಬಾರಿ ಕಾಲೇಜು ಅನ್ನುವುದರ ಮೇಲಿದೆ. ಸಿರಿಲ್ ಅಮರ್‌ಚಂದ್, ಶಾರ್ದೂಲ್ ಅಮರ್‌ಚಂದ್, ಖೈತಾನ್, ಎಝಡ್‌ಬಿ, ಟ್ರೈಲೀಗಲ್‌ನಂಥ ಫರ್ಮುಗಳು ಹೊಸಬರಿಗೂ ವರ್ಷಕ್ಕೆ 15 ಲಕ್ಷ ದಾಟಿ ಕೊಡುತ್ತವೆ. ಆ ಸಂಬಳದಲ್ಲಿ ನಿಮ್ಮ ಕಂತು ಆರಾಮಾಗಿ ಹೋಗುತ್ತದೆ. ಆದರೆ ಅವರು ಕ್ಯಾಂಪಸ್ಸಿಗೆ ಬಂದು ಹೆಚ್ಚು ಜನರನ್ನು ಆರಿಸುವುದು ಹಳೆಯ ಕೆಲವು ಸಂಸ್ಥೆಗಳಲ್ಲಿ. 1987ರಲ್ಲಿ ಸ್ಥಾಪನೆಯಾದ ನಮ್ಮ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲು, ಹೈದರಾಬಾದಿನ ನಾಲ್ಸಾರ್, ಕೋಲ್ಕತ್ತ, ಜೋಧಪುರ, ಗಾಂಧಿನಗರ, ದೆಹಲಿ, ಹೀಗೆ. ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ. ಹೆಸರಿನಲ್ಲಿ ಎಲ್ಲವೂ ಒಂದೇ, ಫೀಸಿನಲ್ಲೂ ಹೆಚ್ಚು ಕಡಿಮೆ ಒಂದೇ, ಕೆಲಸ ಸಿಗುವುದರಲ್ಲಿ ಒಂದೇ ಅಲ್ಲ. ಇದನ್ನು ಯಾವ ಕೋಚಿಂಗ್ ಸೆಂಟರಿನವರೂ ಬಿಡಿಸಿ ಹೇಳುವುದಿಲ್ಲ. ನಿಮಗೆ ಈ ಹಳೆಯ ಸಂಸ್ಥೆಗಳಲ್ಲಿ ಒಂದು ಸಿಕ್ಕಿದ್ದರೆ, ಫರ್ಮೇ ಬೇಕು ಅಂತ ಗಟ್ಟಿಯಾಗಿ ಹೇಳಿದ್ದರೆ, ಸಾಲ ಮಾಡಿ ಹೋಗಿ ಅಂತ ನಾನೇ ಹೇಳುತ್ತಿದ್ದೆ.

ಹೊಸ ಸಂಸ್ಥೆಯ ವಿಷಯದಲ್ಲಿ ಫೋನ್ ಎತ್ತಿ ಕೇಳಬೇಕು. ಬ್ರೋಷರ್ ನೋಡಿ ಮೋಸ ಹೋಗಬೇಡಿ. ಆ ಪುಟ ಹೇಗಿರುತ್ತದೆ ಅಂದರೆ, ಮೇಲೆ ಕಪ್ಪು ಕೋಟು ಹಾಕಿದ ಐದಾರು ಮಕ್ಕಳ ಫೋಟೋ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಅತಿ ಹೆಚ್ಚು ಪ್ಯಾಕೇಜ್ ಇಷ್ಟು ಲಕ್ಷ, ಕೆಳಗೆ ಕಂಪನಿಗಳ ಲೋಗೋ ಸಾಲು. ಆ ಕಂಪನಿ ಒಬ್ಬರನ್ನು ತೆಗೆದುಕೊಂಡಿತೋ ಹತ್ತು ಜನರನ್ನೋ, ಈ ವರ್ಷವೋ ನಾಲ್ಕು ವರ್ಷದ ಹಿಂದೆಯೋ, ಕೆಲಸವೋ ಬರೀ ಇಂಟರ್ನ್‌ಶಿಪ್ಪೋ ಏನೂ ಇರುವುದಿಲ್ಲ. ನೀವು ಕೇಳಬೇಕಾದದ್ದು ಇದು: ಕಳೆದ ವರ್ಷ ಪಾಸಾದವರು ಒಟ್ಟು ಎಷ್ಟು, ಅದರಲ್ಲಿ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ನಿಲ್ಲುವ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು. ಸರಾಸರಿ ಬೇಡ. ಒಬ್ಬಿಬ್ಬರಿಗೆ ಭಾರಿ ಸಂಬಳ ಬಂದರೆ ಸರಾಸರಿ ಮೇಲೆ ಹೋಗಿಬಿಡುತ್ತದೆ. ಆಫೀಸಿನವರು ಹೇಳದಿದ್ದರೆ ನಾಲ್ಕನೇ, ಐದನೇ ವರ್ಷದ ವಿದ್ಯಾರ್ಥಿಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೆಸೇಜ್ ಮಾಡಿ. ಕರ್ನಾಟಕದ ಮಕ್ಕಳು ಒಬ್ಬರಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಿ, ನಿಜ ಹೇಳುತ್ತಾರೆ. ಆ ಮಧ್ಯದ ವಿದ್ಯಾರ್ಥಿಯ ಕೈಗೆ ತಿಂಗಳಿಗೆ 80,000 ಬರುತ್ತಿದ್ದರೆ ನಿಮ್ಮ ಚೀಟಿಯ ಅಂಕಿ ಹೊಂದುತ್ತದೆ. 40,000 ಬರುತ್ತಿದ್ದರೆ, ಅದೂ ಮುಂಬೈ ಬಾಡಿಗೆ ಕೊಟ್ಟುಕೊಂಡು, ಹೊಂದುವುದಿಲ್ಲ. ನೀವು ಬುದ್ಧಿವಂತೆ ಇರಬಹುದು, ಕ್ಲಾಸಿಗೇ ಮೊದಲು ಬರಬಹುದು. ಆದರೆ 27 ಲಕ್ಷದ ಸಾಲವನ್ನು ಮೊದಲು ಬರುತ್ತೇನೆ ಅನ್ನುವ ನಂಬಿಕೆಯ ಮೇಲೆ ಮಾಡಬಾರದು.

ಬೆಂಗಳೂರಿನ ಖಾಸಗಿ ಸೀಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ವರ್ಷ ಅರ್ಧ ಅಂದರೆ ಬಿಟ್ಟದ್ದು 1.37 ಲಕ್ಷ. ಐದು ವರ್ಷದ ಫೀಸು ಆಮೇಲೂ 12.37 ಲಕ್ಷ. ಪಿಜಿ, ಊಟಕ್ಕೆ ತಿಂಗಳಿಗೆ 10,000 ಹಿಡಿದರೂ 6 ಲಕ್ಷ. 18 ಲಕ್ಷ ದಾಟಿತು, ಅಂದರೆ ಮೊದಲನೆಯದಕ್ಕೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಸ್ಕಾಲರ್‌ಶಿಪ್ ಅನ್ನುವ ಪದ ಕೇಳಿ ಮನೆಯವರಿಗೆ ಖುಷಿಯಾಗಿರುತ್ತದೆ, ಅಷ್ಟೇ. ಐದೂ ವರ್ಷ ಕೊಡುತ್ತೇವೆ, ಇಷ್ಟು ಅಂಕ ಉಳಿಸಿಕೊಂಡರೆ ಸಾಕು ಅಂತ ಲಿಖಿತವಾಗಿ ಕೊಟ್ಟರೆ ಮತ್ತೆ ಯೋಚಿಸಿ.

ಈಗ ನೀವು ಪಟ್ಟಿಯಲ್ಲಿ ಬಿಟ್ಟಿರುವ ಒಂದು ಆಯ್ಕೆ. ಕಡಿಮೆ ಫೀಸು ಅಂದ ತಕ್ಷಣ ನಿಮಗೆ ಹತ್ತಿರದ ಊರಿನ ಕಾಲೇಜೇ ಕಂಡಿದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸ್ವಂತ ಲಾ ಸ್ಕೂಲ್ ಇದೆ, ಅಲ್ಲಿಂದ ಧಾರವಾಡದ ಹೈಕೋರ್ಟ್ ಪೀಠ ಹತ್ತಿರ. ಬೆಂಗಳೂರು ವಿಶ್ವವಿದ್ಯಾಲಯದ ಯೂನಿವರ್ಸಿಟಿ ಲಾ ಕಾಲೇಜಿದೆ. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಅನುದಾನಿತ ಹಳೆಯ ಕಾಲೇಜುಗಳಿವೆ. ಇಲ್ಲೆಲ್ಲ ಹಾಸ್ಟೆಲ್ ಖರ್ಚು ಸೇರಿಸಿದರೂ ನಿಮ್ಮ ಮೊದಲೆರಡು ಆಯ್ಕೆಗಳ ಹತ್ತಿರಕ್ಕೂ ಹೋಗುವುದಿಲ್ಲ. ನಾನು ಬೆಂಗಳೂರು ಅಥವಾ ಹುಬ್ಬಳ್ಳಿ ಅನ್ನುವುದಕ್ಕೆ ಕಾರಣ ಇದೆ. ಈ ಕಾಲೇಜುಗಳಲ್ಲಿ ಕೆಲಸ ಕ್ಯಾಂಪಸ್ಸಿಗೆ ಬರುವುದು ಕಡಿಮೆ, ನೀವೇ ಹೋಗಿ ಹುಡುಕಬೇಕು. ಎರಡನೇ ವರ್ಷದಿಂದಲೇ ರಜೆಯಲ್ಲಿ ಹೈಕೋರ್ಟ್ ವಕೀಲರ ಆಫೀಸು, ಮಧ್ಯಮ ಗಾತ್ರದ ಫರ್ಮು, ಕಂಪನಿಗಳ ಲೀಗಲ್ ವಿಭಾಗ ಅಂತ ಅರ್ಜಿ ಹಾಕಿ ಇಂಟರ್ನ್‌ಶಿಪ್ ಮಾಡಬೇಕು. ಅದು ನಗರದಲ್ಲಿದ್ದರೆ ಸುಲಭ. ಚೆನ್ನಾಗಿ ಡ್ರಾಫ್ಟ್ ಮಾಡುವ ಇಂಟರ್ನ್‌ಗೆ ಕಾಲೇಜು ಯಾವುದು ಅಂತ ಎರಡನೇ ವಾರದ ನಂತರ ಯಾರೂ ಕೇಳುವುದಿಲ್ಲ. ಮೊದಲ ವಾರ ಕೇಳುತ್ತಾರೆ, ಅದು ನಿಜ. ಮೊದಲ ಮೂರ್ನಾಲ್ಕು ಅರ್ಜಿಗೆ ಉತ್ತರವೇ ಬರದೆಯೂ ಇರಬಹುದು. ಇದನ್ನು ಮುಚ್ಚಿಟ್ಟು ಎಲ್ಲ ಕಾಲೇಜೂ ಒಂದೇ ಅಂತ ಹೇಳುವವಳು ನಾನಲ್ಲ.

ರೈತರ ಮಗಳು ನೀವು, ರೈತ ವಿದ್ಯಾನಿಧಿ ಕೇಳಿದ್ದೀರಾ? 2021ರಲ್ಲಿ ಶುರುವಾದ ಯೋಜನೆ, ಕಾನೂನು ಓದುವ ಹುಡುಗಿಯರಿಗೆ ವರ್ಷಕ್ಕೆ 8,000 ಅಂತ ನಿಗದಿ ಮಾಡಿದ್ದರು. ಇಂಥ ಎಲ್ಲ ವಿದ್ಯಾರ್ಥಿವೇತನಕ್ಕೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಒಂದೇ ಬಾಗಿಲು. ದೊಡ್ಡ ಮೊತ್ತ ಅಲ್ಲ ಬಿಡಿ, ಆದರೆ ಕಡಿಮೆ ಫೀಸಿನ ಕಾಲೇಜಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, 3.25 ಲಕ್ಷದ ಕಾಲೇಜಿನಲ್ಲಿ ಮೆಸ್ ಬಿಲ್ಲಿಗೂ ಸಾಲದು.

ನೀವು ಮುಂದಿನ ಸಲ ಮತ್ತೆ ಕ್ಲ್ಯಾಟ್ ಬರೆಯಲಾ ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿ ಇದೆ. ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಅರ್ಜಿ ತುಂಬುವಾಗಲೇ ಆ ಕಾಲಂ ತುಂಬಿರಬೇಕು. ತುಂಬಿದ್ದಿರಾ? ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಅರ್ಜಿ ಹಾಕಿ ಇದನ್ನು ಬಿಟ್ಟ ಮಕ್ಕಳಿದ್ದಾರೆ. ಆ ಕೋಟಾದಲ್ಲಿ ನಿಮ್ಮ ರ‍್ಯಾಂಕ್ ಸ್ವಲ್ಪದರಲ್ಲಿ ತಪ್ಪಿದ್ದರೆ ಒಂದು ವರ್ಷ ಕಾಯುವುದಕ್ಕೆ ಅರ್ಥ ಇದೆ. ದೂರ ಇದ್ದರೆ ಬೇಡ. ಇನ್ನೊಂದು ಬಾಗಿಲೂ ಇದೆ. ಅದೇ ಸಂಸ್ಥೆಗಳಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂ ಒಂದೇ ವರ್ಷ. ದೊಡ್ಡ ಹೆಸರು ಬೇಕೇ ಬೇಕು ಅನ್ನಿಸಿದರೆ ಐದು ವರ್ಷದ ಫೀಸಿನ ಬದಲು ಒಂದು ವರ್ಷದ ಫೀಸಿಗೆ, ಇಪ್ಪತ್ಮೂರನೇ ವಯಸ್ಸಿನಲ್ಲಿ, ಏನು ಬೇಕು ಅಂತ ಗೊತ್ತಾದ ಮೇಲೆ ಹೋಗಬಹುದು.

ಒಂದು ಎಚ್ಚರ. "ಈಗ ಸೇರಿಬಿಡೋಣ, ದುಡ್ಡು ಆಗದಿದ್ದರೆ ಎರಡು ವರ್ಷದ ನಂತರ ಊರ ಕಾಲೇಜಿಗೆ ಬಂದರಾಯ್ತು" ಅಂತ ಅಪ್ಪ ಅಂದುಕೊಂಡಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ. ಐದು ವರ್ಷದ ಕೋರ್ಸಿನಲ್ಲಿ ಮಧ್ಯದಲ್ಲಿ ಸೇರುವುದನ್ನೂ, ಮಧ್ಯದಲ್ಲಿ ಡಿಗ್ರಿ ತೆಗೆದುಕೊಂಡು ಹೊರಡುವುದನ್ನೂ ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಬಿಟ್ಟರೆ ಕೈಯಲ್ಲಿ ಬಿಎ ಕೂಡ ಇರುವುದಿಲ್ಲ.

ಹಾಗಾದರೆ ನಾನು ಏನು ಮಾಡಿ ಅನ್ನುತ್ತೇನೆ? ನಿಮ್ಮ ಪತ್ರದ ಕೊನೆಯ ಹೊತ್ತಿಗೆ ಜಡ್ಜ್ ಅನ್ನುವ ಮಾತಿದೆ. ಅದು ನಿಜವಾದ ಆಸೆಯಾದರೆ ಹುಬ್ಬಳ್ಳಿ ಅಥವಾ ಬೆಂಗಳೂರಿನ ಕಡಿಮೆ ಫೀಸಿನ ಕಾಲೇಜು, ಸೀಟು ಸಿಗದಿದ್ದರೆ ದಾವಣಗೆರೆ. ಐದು ವರ್ಷ ಉಳಿಸಿದ ದುಡ್ಡಿನಲ್ಲಿ ಅಪ್ಪ ಆಮೇಲಿನ ಮೂರು ವರ್ಷ ನಿಮ್ಮ ಖರ್ಚಿಗೆ ತಿಂಗಳಿಗೆ ಹತ್ತು ಸಾವಿರ ಕೊಡಲಿ, ಆಗ ನೀವು ಒಳ್ಳೆಯ ಸೀನಿಯರ್ ಹತ್ತಿರ ಸಂಬಳ ನೋಡದೆ ಸೇರಬಹುದು. ಸಿವಿಲ್ ಜಡ್ಜ್ ಆದ ದಿನ ಮೂಲ ವೇತನವೇ 77,840 ರೂಪಾಯಿ, ಅದರ ಮೇಲೆ ಭತ್ಯೆ. ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಕನ್ನಡ ಭಾಷಾಂತರದ ಪತ್ರಿಕೆ ಇದೆ, ಅಲ್ಲಿ ನಿಮ್ಮ ಕನ್ನಡ ಕೈ ಹಿಡಿಯುತ್ತದೆ. ಜಡ್ಜ್ ಆಸೆ ಅಪ್ಪನದ್ದು, ನನ್ನದು ಫರ್ಮು ಮಾತ್ರ ಅನ್ನುವುದಾದರೆ ಮೇಲೆ ಹೇಳಿದ ಫೋನ್ ಮಾಡಿ, ಅಂಕಿ ಹೊಂದಿದರೆ ಸಾಲದಲ್ಲಿ ಹೋಗಿ. ಯಾವುದು ಯಾರ ಆಸೆ ಅಂತ ನಾನು ಹೇಳಲಾರೆ. ಅಮ್ಮ ಯಾಕೆ ಏನೂ ಹೇಳುತ್ತಿಲ್ಲ ಅಂತ ಒಮ್ಮೆ ಕೇಳಿ. ಮನೆಯ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತಿರಬಹುದು.

ಪ್ರಶ್ನೆ: ನನಗೆ 36 ವರ್ಷ, ಬಿಕಾಂ ಆಗಿದೆ, ಸಹಕಾರಿ ಸಂಘದಲ್ಲಿ ಕೆಲಸ. ವಕೀಲನಾಗುವ ಆಸೆ. ಹೊರ ರಾಜ್ಯದ ಒಂದು ಕಾಲೇಜಿನ ಏಜೆಂಟ್ "ಕ್ಲಾಸಿಗೆ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು, ಮೂರು ವರ್ಷಕ್ಕೆ ಒಂದೂವರೆ ಲಕ್ಷ" ಅನ್ನುತ್ತಿದ್ದಾನೆ. ಇಲ್ಲಿ ಕೆಲಸ ಬಿಟ್ಟು ಓದಲು ಆಗುವುದಿಲ್ಲ. ಸೇರಲಾ?
— ಶಿರಸಿ

ಉತ್ತರ: ಬೇಡ ಮಾರಾಯ್ರೇ. ಎಲ್‌ಎಲ್‌ಬಿ ಅಂಚೆ ಮೂಲಕ ಓದುವ ಕೋರ್ಸ್ ಅಲ್ಲ, ದೂರಶಿಕ್ಷಣದ ಎಲ್‌ಎಲ್‌ಬಿ ಇಟ್ಟುಕೊಂಡು ಸನದು ಸಿಗುವುದಿಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲಿ ಶೇ 70 ಹಾಜರಾತಿ ಅಂತ ಇದೆ. ಹಾಜರಾತಿ ಪುಸ್ತಕದಲ್ಲಿ ನೀವು ಹೊರ ರಾಜ್ಯದಲ್ಲಿ, ಸಂಘದ ಮಸ್ಟರಿನಲ್ಲಿ ಅದೇ ದಿನ ಶಿರಸಿಯಲ್ಲಿ! ನಾಳೆ ನಿಮಗಾಗದವರು ಯಾರಾದರೂ ಒಂದು ಅರ್ಜಿ ಹಾಕಿ ಎರಡರ ನಕಲು ತೆಗೆದರೆ ಸನದಿಗೂ ಕುತ್ತು, ಇರುವ ಕೆಲಸಕ್ಕೂ ಕುತ್ತು. ಅದೇ ನಿಯಮದ ಪ್ರಕಾರ ಬೆಳಗ್ಗೆ 8ರಿಂದ ಸಂಜೆ 7ರ ಒಳಗೆ ತರಗತಿ ನಡೆಸಬಹುದು, ಹಾಗಾಗಿ ಬೆಳಗಿನ ಹೊತ್ತೇ ಕ್ಲಾಸ್ ಮುಗಿಸುವ ಕಾಲೇಜು ನಿಮ್ಮ ಜಿಲ್ಲೆಯ ಆಸುಪಾಸಿನಲ್ಲಿದೆಯಾ ವಿಚಾರಿಸಿ. ಸಂಘದ ಆಡಳಿತ ಮಂಡಳಿಯಿಂದ ಲಿಖಿತ ಅನುಮತಿ ತೆಗೆದುಕೊಂಡೇ ಸೇರಿ. ಆಮೇಲೆ ನೋಂದಣಿ ಖರ್ಚಿನ ಹೆದರಿಕೆ ಬೇಡ. ಮೊದಲು ಒಂದೊಂದು ರಾಜ್ಯದಲ್ಲಿ ಹತ್ತಾರು ಸಾವಿರ ಕೀಳುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಕಾಯ್ದೆಯಲ್ಲಿ ಇರುವಷ್ಟೇ ತೆಗೆದುಕೊಳ್ಳಿ ಅಂದಿತು. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ.

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ಆರ್ಟ್ಸ್. ಲಾ ಓದುತ್ತೇನೆ ಅನ್ನುತ್ತಾನೆ. ಇಂಗ್ಲಿಷ್ ಬರದವರಿಗೆ ದುಬಾರಿ ಕಾಲೇಜೇ ಒಳ್ಳೆಯದು, ಅಲ್ಲಿ ಕಲಿಸುತ್ತಾರೆ ಅಂತ ಸಂಬಂಧಿಕರು ಹೇಳುತ್ತಾರೆ. ಹೌದಾ?
— ರಾಯಚೂರು ಜಿಲ್ಲೆ

ಉತ್ತರ: ಉಲ್ಟಾ ಅನ್ನಿಸುತ್ತದೆ ನನಗೆ. ದುಬಾರಿ ಕಾಲೇಜಿನಲ್ಲಿ ಇಂಗ್ಲಿಷ್ ಬರುತ್ತದೆ ಅಂದುಕೊಂಡೇ ಪಾಠ ಶುರುವಾಗುತ್ತದೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಮುಂದೆ ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಕನ್ನಡದಲ್ಲಿದೆ. ತಾಲ್ಲೂಕು, ಜಿಲ್ಲಾ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು, ಪಾಟಿ ಸವಾಲು ಮಾಡುವುದು ಕನ್ನಡದಲ್ಲೇ. ಹಳ್ಳಿಯ ಸಾಕ್ಷಿಯ ಬಾಯಿಂದ ಸತ್ಯ ಹೊರಡಿಸಲು ಇಂಗ್ಲಿಷ್ ಉಪಯೋಗಕ್ಕೆ ಬರುವುದಿಲ್ಲ, ಆ ಊರಿನ ಮಾತು ಗೊತ್ತಿರಬೇಕು. ಆದರೆ ಹೈಕೋರ್ಟ್, ಸುಪ್ರೀಂ ಕೋರ್ಟ್ ವ್ಯವಹಾರ ಇಂಗ್ಲಿಷಿನಲ್ಲಿ, ತೀರ್ಪುಗಳು ಇಂಗ್ಲಿಷಿನಲ್ಲಿ. ಅದನ್ನು ಐದು ವರ್ಷದಲ್ಲಿ ಕಲಿಯಲೇಬೇಕು. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದ ಅವರ ಇ-ಎಸ್‌ಸಿಆರ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದಲಿ. ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆ, ರಜೆಯಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಲಿ, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಪ್ರಶ್ನೆ: ಮಗಳ ಲಾ ಕೋರ್ಸಿಗೆ 7 ಲಕ್ಷ ಸಾಲ ಕೇಳಿದರೆ ಬ್ಯಾಂಕಿನವರು ಮನೆ ಪತ್ರ ತನ್ನಿ ಅನ್ನುತ್ತಿದ್ದಾರೆ. ಕೊಡಬೇಕಾ?
— ತುಮಕೂರು

ಉತ್ತರ: ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಡ, ಪೋಷಕರು ಸಹ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಬ್ಯಾಂಕಿನ ರಿಸ್ಕಿಗೆ ಕೇಂದ್ರದ ಖಾತರಿ ನಿಧಿ ಇದೆ. ಮಗಳ ಕಾಲೇಜು ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದೆಯಾ ಅಂತಲೂ ನೋಡಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. ಪಟ್ಟಿಯಲ್ಲಿರುವ ಸಂಸ್ಥೆಯಾದರೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯ ಬಡ್ಡಿಯಲ್ಲಿ ಶೇ 3 ರಿಯಾಯಿತಿ ಇದೆ, ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನಂಬರ್ ಇಟ್ಟುಕೊಳ್ಳಿ. ಆಮೇಲೂ ಮನೆ ಪತ್ರ ಕೇಳಿದರೆ ಅದನ್ನು ಲಿಖಿತವಾಗಿ ಕೊಡಿ ಅನ್ನಿ, ಬಹಳಷ್ಟು ಮ್ಯಾನೇಜರ್‌ಗಳು ಅಲ್ಲಿಗೇ ಮೆತ್ತಗಾಗುತ್ತಾರೆ. ಇಲ್ಲದಿದ್ದರೆ ಬ್ಯಾಂಕಿಗೆ ಮೊದಲು ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಹಾಕಿ. ಅದಕ್ಕೆ ಫೀಸಿಲ್ಲ, ವಕೀಲರೂ ಬೇಕಿಲ್ಲ.